ಒಂಬತ್ತು ಪೆಟ್ಟಿಗೆಗಳ ಲೆಕ್ಕ

೩ ಮಾರ್ಚ್ ೨೦೦೩, ಸೋಮವಾರ

ಮತ್ತೆ ಬಸ್ ತಪ್ಪಿತು. ಹ್ಯಾರೋ ಆಫೀಸಿಗೆ ಒಂಬತ್ತೂಕಾಲಿಗೆ. ಮ್ಯಾನೇಜರ್ ಮೌರೀನ್ ಬೈಯಲಿಲ್ಲ — ಇವತ್ತಿನಿಂದ ನಾನು ಮಾಡಿದ ರೋಟಾ, ಅಂದರೆ ಪಾಳಿಪಟ್ಟಿ, ಜಾರಿ; ಖುಷಿಯಲ್ಲಿದ್ದಳು. ವಯಸ್ಸಾದವರ ಮನೆಗೆ ಹೋಗಿ ಸ್ನಾನ, ತಿಂಡಿ, ಔಷಧಿ ನೋಡಿಕೊಳ್ಳುವ ಹನ್ನೊಂದು ಮಂದಿ ನಮ್ಮಲ್ಲಿ. ದಿನಕ್ಕೆ ನೂರಾ ನಾಲ್ಕು ವಿಸಿಟ್. ನನ್ನ ಲೆಕ್ಕದಲ್ಲಿ ಒಂಬತ್ತು ಮಂದಿ ಸಾಕು.

ಧಾರವಾಡದ ಗಣಿತದ ಎಂ.ಎಸ್ಸಿ. ಕೊನೆಗೂ ಕೆಲಸಕ್ಕೆ ಬಂತು. ಒಬ್ಬರ ಏಳು ತಾಸಿನ ಪಾಳಿ ಒಂದು ಪೆಟ್ಟಿಗೆ. ವಿಸಿಟ್‌ಗಳು ಸಾಮಾನು. ದೊಡ್ಡದನ್ನು ಮೊದಲು ಇಡು, ಸಣ್ಣದನ್ನು ಸಂದಿಗೆ ತುರುಕು. ವಿಮಾನದಲ್ಲಿ ಊರಿಗೆ ಹೊರಟಾಗ ಸೂಟ್‌ಕೇಸ್ ತುಂಬುವುದೂ ಹೀಗೇ.

"ಹೆಂಡ್ತಿ ಇಷ್ಟ್ ಶಾಣ್ಯಾಕಿ ಅಂತ ಮದುವಿ ಮುಂಚೆ ಯಾರೂ ಹೇಳಿರಲಿಲ್ಲ" — ಲೋಕೇಶ. ಏಪ್ರಿಲ್‌ಗೆ ನನ್ನ ಪ್ರೊಬೇಷನ್ ಮುಗಿಯುತ್ತದೆ. ಈ ಸಲ ಕಾಯಂ ಆಗಲೇಬೇಕು.

೧೦ ಮಾರ್ಚ್

ಗ್ಲೋರಿಯಾ ಬಂದಿದ್ದಳು. ಪಾಳಿ ಕಳೆದುಕೊಂಡ ಇಬ್ಬರಲ್ಲಿ ಒಬ್ಬಳು. ಜಗಳವಾಡಲಿಲ್ಲ. ಯೂನಿಫಾರ್ಮ್ ಮಡಿಸಿ ಟೇಬಲ್ ಮೇಲಿಟ್ಟಳು. "ಸಿ-೨೭ರ ಅಜ್ಜಿಗೆ ಸ್ನಾನ ಮೊದಲು" ಎಂದಳು. ರೋಟಾದಲ್ಲಿ ಕ್ಲೈಂಟ್‌ಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಎಲ್ಲರಿಗೂ ಒಂದೊಂದು ಅಭ್ಯಾಸ ಅಂದುಕೊಂಡು ತಲೆಯಾಡಿಸಿದೆ. ಬರೆದುಕೊಳ್ಳಲಿಲ್ಲ.

೨೪ ಮಾರ್ಚ್

ಈ ಆರೈಕೆಗೆ ಹಣ ಕೊಡುವ ಕೌನ್ಸಿಲಿನಿಂದ ಫ್ಯಾಕ್ಸ್. ಸಿ-೨೭ ಮೂರು ವಾರದಿಂದ ತಿಂಡಿ, ಊಟ ನಿರಾಕರಿಸುತ್ತಿದ್ದಾರೆ. ತೂಕ ನಾಲ್ಕು ಕಿಲೋ ಇಳಿದಿದೆ. ಮರೆವಿನ ಕಾಯಿಲೆ ಇರಬಹುದಂತೆ. ಶುಕ್ರವಾರ ರಿವ್ಯೂ, ನರ್ಸಿಂಗ್ ಹೋಮಿಗೆ ಕಳಿಸುವ ವಿಚಾರ.

ಫೈಲ್ ತೆಗೆದೆ. ಮೊದಲ ಸಲ ಹೆಸರು ನೋಡಿದೆ. ವೈದೇಹಿ. ಹುಟ್ಟೂರು ಮೈಸೂರು.

೨೬ ಮಾರ್ಚ್

ಹೋಗಿದ್ದೆ. ಒಂದೇ ಗೋಡೆ ಹಂಚಿಕೊಂಡ ಜೋಡಿಮನೆ, ಹಿತ್ತಿಲ ಕಡೆ ಒಂದು ರೂಮು. ಮಗ ದೂರದ ಅಬರ್ಡೀನ್‌ನಲ್ಲಿ ಡಾಕ್ಟರು. ಕನ್ನಡ ಕೇಳಿದ್ದೇ ಅಜ್ಜಿ ಕೈ ಹಿಡಿದುಕೊಂಡರು. ಯಾಕೆ ತಿನ್ನುತ್ತಿಲ್ಲ ಅಂತ ಕೇಳಿದೆ.

"ಸ್ನಾನ ಆಗ್ದೆ, ದೇವ್ರಿಗೆ ದೀಪ ಹಚ್ದೆ ಹೇಗಮ್ಮ ತಿನ್ಲಿ? ಗ್ಲೋರಿಯಾ ಇದ್ದಾಗ ಎಂಟಕ್ಕೇ ಸ್ನಾನ. ಈಗ ಮಧ್ಯಾಹ್ನ ಎರಡೂವರೆಗೆ."

ಹೌದು. ಸ್ನಾನ ನಲವತ್ತೈದು ನಿಮಿಷ — ದೊಡ್ಡ ಸಾಮಾನು, ಆರನೇ ಪೆಟ್ಟಿಗೆಯಲ್ಲಿ ಮಧ್ಯಾಹ್ನಕ್ಕೆ ಕೂತಿತು. ತಿಂಡಿ ಹದಿನೈದು ನಿಮಿಷ — ಎರಡನೇ ಪೆಟ್ಟಿಗೆಯ ಸಂದಿಗೆ, ಎಂಟೂಕಾಲಿಗೆ. ಊಟ ಹನ್ನೆರಡೂವರೆಗೆ. ಮೂರು ವಾರದಿಂದ ಈ ಮುದುಕಿ ರಾತ್ರಿ ಒಂದೇ ಹೊತ್ತು ಉಂಡಿದ್ದಾರೆ.

"ಅಜ್ಜಿ, ನಮಗರೆ ಒಂದ್ ಫೋನ್ ಮಾಡಬಾರದಿತ್ತೇನ್ರಿ?"

"ಪಾಪ, ಆ ಹುಡ್ಗೀರು ಓಡ್‌ಬಂದು ಓಡ್‌ಹೋಗ್ತಾರೆ. 'ನೋ, ಥ್ಯಾಂಕ್ಯೂ' ಅಂತಿದ್ದೆ. ನಿಮ್ಮಾಫೀಸಲ್ಲಿ ಕನ್ನಡದವಳಿದಾಳೆ ಅಂತ ನಂಗ್ಯಾರು ಹೇಳ್ಬೇಕು?"

ನನ್ನ ಅವ್ವನೂ ಹೀಗೇ. ಸ್ನಾನವಿಲ್ಲದೆ ಚಹಾ ಸಹ ಮುಟ್ಟುವುದಿಲ್ಲ. ಮೌರೀನ್‌ಗೆ ಗೊತ್ತಿಲ್ಲದ್ದು ಸರಿ. ನನಗೆ? ನಾಚಿಕೆಯಾಯಿತು. ಬಸ್ಸಿನಲ್ಲಿ ಅತ್ತೆ.

೨೭ ಮಾರ್ಚ್

ಮೌರೀನ್‌ಗೆ ಹೇಳಿದೆ. ಸ್ನಾನ, ದೀಪ, ತಿಂಡಿ ಒಂದೇ ಗಂಟು, ಎಪ್ಪತ್ತೈದು ನಿಮಿಷ. ಒಡೆಯುವ ಹಾಗಿಲ್ಲ. ಬೆಳಿಗ್ಗೆ ಎಂಟಕ್ಕೆ ಒಂಬತ್ತು ಪೆಟ್ಟಿಗೆಯಲ್ಲಿ ಎಲ್ಲೂ ಹಿಡಿಯುವುದಿಲ್ಲ. ಗ್ಲೋರಿಯಾ ವಾಪಸ್ ಬೇಕು.

"ಧಾರ್ಮಿಕ ಅಗತ್ಯ ಇದೆ ಅಂತ ಕ್ಲೈಂಟೇ ತಿಳಿಸಲಿಲ್ಲ ಅಂತ ಕೌನ್ಸಿಲಿಗೆ ಬರೆದುಬಿಡು" ಎಂದಳು. ನನ್ನ ಒಳ್ಳೆಯದಕ್ಕೇ ಅಂದದ್ದು. ಬರೆಯಲಿಲ್ಲ. ತಪ್ಪು ರೋಟಾದ್ದು, ರೋಟಾ ನನ್ನದು ಅಂತ ಬರೆದೆ. ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ. ಗ್ಲೋರಿಯಾ ನಾಳೆಯಿಂದ.

ಕೌನ್ಸಿಲಿನ ಸೋಷಿಯಲ್ ವರ್ಕರ್ ಪತ್ರ ಓದಿ ಫೋನ್ ಮಾಡಿದಳು. ನಾಳೆ ಒಂಬತ್ತಕ್ಕೆ ಬಂದು ಅಜ್ಜಿ ತಿನ್ನುವುದನ್ನು ಕಣ್ಣಾರೆ ನೋಡಬೇಕಂತೆ. ತಿಂದರೆ ಮನೆಯಲ್ಲೇ ಇರಬಹುದು.

೨೮ ಮಾರ್ಚ್, ಶುಕ್ರವಾರ. ಸಂಜೆ ೬

ನಾನೂ ಹೋಗಿದ್ದೆ. ಎಲ್ಲ ಸರಿಯಾಗಿಯೇ ಆಯಿತು. ಎಂಟಕ್ಕೆ ಗ್ಲೋರಿಯಾ, ಸ್ನಾನ. ದೀಪ. ಮೂರು ಇಡ್ಲಿ, ಚಟ್ನಿ. ಸೋಷಿಯಲ್ ವರ್ಕರ್ ಎದುರಿಗೆ ಕೂತಳು, ಮಡಿಲಲ್ಲಿ ಫೈಲು.

ಆಗ ಗೋಡೆಯ ಕ್ಯಾಲೆಂಡರ್ ಕಂಡಿತು. ಇಪ್ಪತ್ತೆಂಟರ ಚೌಕಕ್ಕೆ ಕೆಂಪು ಸುತ್ತು. ಏಕಾದಶಿ.

"ಅಜ್ಜಿ, ಇವತ್ತು ನಿಮ್ಮ ಉಪವಾಸ ಅಲ್ರೀ? ನಾ ಇವರಿಗೆ ತಿಳಿಸಿ ಹೇಳ್ತೀನಿ."

"ಸುಮ್ನಿರಮ್ಮ. ಮೂರು ವಾರ ತಿನ್ಲಿಲ್ಲ, ಇವತ್ತೂ ತಿನ್ನೋದಿಲ್ಲ ಅಂದ್ರೆ ಯಾರು ನಂಬ್ತಾರೆ? ಮದ್ವೆಯಾದಾಗ್ಲಿಂದ ಒಂದೂ ಬಿಟ್ಟಿಲ್ಲ. ಇದೊಂದು ಹೋಗ್ಲಿ."

ಮೂರೂ ಇಡ್ಲಿ ತಿಂದರು. ನಿಧಾನವಾಗಿ, ನಗುತ್ತಾ. ಸೋಷಿಯಲ್ ವರ್ಕರ್ ಏನು ಮಾತಾಡಿದಿರಿ ಎಂದು ಕೇಳಿದಳು. ಉಪ್ಪು ಹದವಾಗಿದೆಯಾ ಅಂತ ಕೇಳಿದೆ ಎಂದೆ. ಫೈಲಿನಲ್ಲಿ ಬರೆದಳು — ಚೆನ್ನಾಗಿ ತಿನ್ನುತ್ತಾರೆ, ಮನೆಯಲ್ಲೇ ಇರಲಿ.

ಗೆದ್ದೆವು. ಗ್ಲೋರಿಯಾ ನನ್ನನ್ನು ತಬ್ಬಿಕೊಂಡಳು. ನನಗೆ ಅಜ್ಜಿಯ ಮುಖ ನೋಡಲಾಗಲಿಲ್ಲ.

ಲೋಕೇಶ ತಟ್ಟೆ ಹಾಕಿ ಕರೆಯುತ್ತಿದ್ದಾನೆ. ಬೆಳಗಿನಿಂದ ಏನೂ ತಿಂದಿಲ್ಲ. ನಾನು ಯಾವತ್ತೂ ಏಕಾದಶಿ ಮಾಡಿದವಳಲ್ಲ. ಹಸಿವಿಲ್ಲ ಅಂದೆ. ಹಸಿವಿದೆ. ಆದರೆ ಇವತ್ತೊಂದು ದಿನ ಅಜ್ಜಿಯ ಬದಲಿಗೆ ನಾನು —