ಕಪ್ಪೆಗಾಡಿಯ ಎಡಚಕ್ರ

ಜೂನ್ ೧೪, ಭಾನುವಾರ
ಮಧ್ಯಾಹ್ನ, ಅಂಗಡಿಯಿಂದ

ತಮ್ಮನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲ, ಹಾಗಾಗಿ ಬರೆಯುವುದಿಲ್ಲ. ನಿನ್ನ ಮೂರು ಪತ್ರಗಳಿಗೂ ಉತ್ತರ ತಡವಾಯಿತು. ಬೈಗುಳಗಳನ್ನು ಒಪ್ಪವಾಗಿ ಜೋಡಿಸುವುದಕ್ಕೆ ಸಮಯ ಬೇಕಾಯಿತು ಎಂದುಕೋ. ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಅದು ಸಾಧ್ಯವಿಲ್ಲ.

ಮೊದಲು ಮಗಳ ಸುದ್ದಿ. ಬಲಮುಂಗೈ ಎರಡು ಕಡೆ ಮುರಿದಿದೆ. ಇನ್ನೂ ಮೂರು ವಾರ ಪ್ಲಾಸ್ಟರ್ ಬಿಚ್ಚುವ ಹಾಗಿಲ್ಲ ಎಂದಿದ್ದಾರೆ ಮೂಳೆ ಡಾಕ್ಟರು. ಎಡಗೈಯಲ್ಲೇ ಊಟ, ಎಡಗೈಯಲ್ಲೇ ಬರವಣಿಗೆ. ಜಡೆ ನಾನು ಹೆಣೆಯುತ್ತೇನೆ. ಮೊದಲೆಲ್ಲ ‘ಜಡೆ ಅಂದ್ರೆ ಬೋಲ್ಟು ಅನ್ಕೊಂಡಿದೀಯಾ’ ಎಂದು ಕಿರುಚುತ್ತಿದ್ದಳು, ಈಗ ಸುಮ್ಮನೆ ಕೂರುತ್ತಾಳೆ. ಹದಿಮೂರು ವರ್ಷದ ವಾಚಾಳಿ ಮೂರು ವಾರದಿಂದ ಮಾತನ್ನು ಅಳೆದು ಆಡುತ್ತಿದ್ದಾಳೆ.

ಕಪ್ಪೆ ಶೆಡ್ಡಿನಲ್ಲಿ ಮೂತಿ ಸೊಟ್ಟ ಮಾಡಿಕೊಂಡು ಬಿದ್ದಿದೆ. ಅಪ್ಪ ಕಬ್ಬಿಣದ ಮಂಚದ ಪೈಪು ಕತ್ತರಿಸಿ ನಮ್ಮ ಆಟಕ್ಕೆಂದು ಕಟ್ಟಿದ ಪುಟ್ಟ ಮೋಟಾರು ಗಾಡಿ. ಸ್ಟಾರ್ಟ್ ಮಾಡಿದರೆ ಒಂದು ಸಲ ಕುಪ್ಪಳಿಸಿಯೇ ಹೊರಡುತ್ತಿತ್ತು. ಮೂವತ್ತು ವರ್ಷದಲ್ಲಿ ಅದರಿಂದ ಮೊಣಕಾಲು ತರಚಿದ್ದಕ್ಕಿಂತ ಹೆಚ್ಚೇನೂ ಯಾರಿಗೂ ಆಗಿರಲಿಲ್ಲ. ಅಷ್ಟರಲ್ಲಿ ಮಹಾರಾಯ ನೀನು ಬಂದೆ. ‘ಅಕ್ಕಾ, ಹುಲ್ಲು ಕತ್ತರಿಸೋ ಮಷಿನ್ನಿಂದು ಇಂಜಿನ್ ತಂದಿದೀನಿ’ ಎಂದೆ, ಕೂರಿಸಿದೆವು. ‘ಸ್ಟೀರಿಂಗ್ ಅಲ್ಲಾಡತ್ತೆ, ಹೊಸ ರಾಡು ಹಾಕ್ತೀನಿ’ ಎಂದೆ. ‘ಇರೋದೇ ಸಾಕು ಕಣೋ’ ಎಂದು ನಾನು ಬಡಕೊಂಡೆ. ಕೇಳಿದೆಯಾ? ಸರಿಯಾಗಿ ನಡೆಯುತ್ತಿರುವ ಗಡಿಯಾರ ಕಂಡರೂ ನಿನ್ನ ಕೈ ತುರಿಸುತ್ತದೆ.

ಅಪ್ಪನ ಪದ್ಧತಿ ನೆನಪಿದೆ ತಾನೆ? ನಟ್ಟು ಬಿಗಿದವರು ಅದರ ಮೇಲಿಂದ ಬೋಲ್ಟಿನವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಅಪ್ಪನದು ಕೆಂಪು, ನನ್ನದು ನೀಲಿ, ನಿನ್ನದು ಹಳದಿ. ಗೆರೆ ತುಂಡಾಗಿದ್ದರೆ ನಟ್ಟು ಸಡಿಲವಾಗಿದೆ ಎಂದರ್ಥ. ಯಾರ ಬಣ್ಣವೋ ಅವರೇ ಉತ್ತರ ಹೇಳಬೇಕು. ಮೊದಲು ಗೆರೆ ಎಳೆದುಬಿಟ್ಟು ಆಮೇಲೆ ಬಿಗಿಯುತ್ತೇನೆ ಎಂದವರ ಬೆರಳಿಗೆ ಸ್ಪ್ಯಾನರಿನಿಂದ ಒಂದು ಬೀಳುತ್ತಿತ್ತು. ಆ ಏಟು ತಿಂದವಳು ನಾನು, ನೀನಲ್ಲ. ಅದಕ್ಕೇ ನಿನಗೆ ಬುದ್ಧಿ ಬಂದಿಲ್ಲ.

ಅಂದು ಶನಿವಾರ ಸಂಜೆ ನೀನು ಬಸ್ಸು ಹತ್ತಿದೆ. ಆಮೇಲೆ ಚೇನಿಗೆ, ಕೀಲುಗಳಿಗೆ ಗ್ರೀಸ್ ಹಚ್ಚಿದ್ದು ಬಿಟ್ಟರೆ ನಾನೇನೂ ಮುಟ್ಟಲಿಲ್ಲ. ಅದು ಮುಗಿಯುವಷ್ಟರಲ್ಲಿ ದರ್ಜಿಯಮ್ಮ ಕೆಟ್ಟುನಿಂತ ಹೊಲಿಗೆ ಮಷಿನ್ ಹೊತ್ತು ಅಂಗಡಿ ಬಾಗಿಲಿಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ಶಾಲೆಯ ಹಿಂದಿನ ಸಿಮೆಂಟ್ ಮೈದಾನದಲ್ಲಿ ಮಗಳು ಎರಡು ಸುತ್ತು ಹೊಡೆದಳು. ಮೂರನೆಯ ಸುತ್ತಿನಲ್ಲಿ ಎಡಚಕ್ರ ತನ್ನ ಪಾಡಿಗೆ ತಾನು ಹೊರಟಿತು. ಸ್ಟೀರಿಂಗ್ ಬಲಕ್ಕೆ, ಚಕ್ರ ಎಡಕ್ಕೆ, ನನ್ನ ಮಗಳು ಗೋಡೆಗೆ. ನಿನ್ನ ಹೊಸ ರಾಡನ್ನು ಚಕ್ರಕ್ಕೆ ಹಿಡಿದಿಡುವ ಬೋಲ್ಟು ನೆಲಕ್ಕೆ ಉಜ್ಜಿ ಬಣ್ಣವೆಲ್ಲ ಅಳಿಸಿಹೋಗಿತ್ತು. ನಟ್ಟೇ ಇರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮೈದಾನವನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ.

‘ಬಿಗಿದೇ ಬಿಗಿದಿದೀನಿ ಅಕ್ಕಾ, ಗೆರೆನೂ ಎಳೆದಿದೀನಿ’ ಎಂದು ಮೂರು ಪತ್ರದಲ್ಲೂ ಅದೇ ರಾಗ. ಹಾಗಾದರೆ ನಟ್ಟಿಗೆ ರೆಕ್ಕೆ ಬಂತೇನೋ? ಲೇತ್ ಮಷಿನ್ನಿನ ಮುಂದೆ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ದೊಡ್ಡ ಕೆಲಸಗಾರ, ಒಂದು ನಟ್ಟು ಬಿಗಿಯಲಾರದೆ ಹೋದೆಯಲ್ಲ! ‘ತಪ್ಪಾಯಿತು’ ಎಂದು ಬರೆಯುವಷ್ಟು ಶಾಯಿ ನಿನ್ನ ಪೆನ್ನಿನಲ್ಲಿ ಇಲ್ಲವೆ? ನೀನು ಕಳಿಸಿದ ಹೆಲ್ಮೆಟ್ಟಿನ ಪಾರ್ಸಲ್ಲನ್ನು ನಾನು ಬಿಚ್ಚಿಯೂ ಇಲ್ಲ. ನಾಳೆ ಕಪ್ಪೆಯನ್ನು ಗುಜರಿಯವನು ಒಯ್ಯುತ್ತಾನೆ. ತಪ್ಪು ಒಪ್ಪಿಕೊಳ್ಳುವವರೆಗೆ ನೀನು ನನ್ನ ಹೊಸ್ತಿಲು ತುಳಿಯಬೇಡ.

ಬೆಳಿಗ್ಗೆ ಇದನ್ನೇ ಹೇಳಿದರೆ ಮಗಳು ‘ಬೇಡಮ್ಮ, ಮಾಮಂದು ತಪ್ಪಿಲ್ಲ’ ಎಂದಳು. ‘ನಿಂಗೇನೇ ಗೊತ್ತು, ಬಾಯಿ ಮುಚ್ಚು’ ಎಂದು ಗದರಿದೆ. ಅವಳೂ ನಿನ್ನ ಪರ ವಹಿಸಿಕೊಂಡು ನನ್ನ ಹೊಟ್ಟೆ ಉರಿಸುತ್ತಾಳೆ.

ಎಷ್ಟು ಬೈದರೂ ನೀನು ನನ್ನ ಬೆನ್ನಿಗೆ ಬಿದ್ದವನು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಷಿನ್ನಿನ ಮುಂದೆ ನಿಲ್ಲುವಾಗ ಅಂಗಿಯ ತೋಳು ಮಡಿಚಿಕೋ. ನೂರು ವರ್ಷ ಬಾಳು, ಆದರೆ ದೂರದಲ್ಲೇ ಬಾಳು.

ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಮಗಳು ಬಂದು ಜಾಮಿಟ್ರಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಎಡಗೈಯಲ್ಲಿ ಮುಚ್ಚಳ ತೆಗೆಯಲು ಅವಳಿಗೆ ಹೊತ್ತು ಹಿಡಿಯಿತು. ಒಳಗೆ ನಟ್ಟು ಇತ್ತು. ಬಿದ್ದ ಜಾಗದಲ್ಲೇ ಸಿಕ್ಕಿತ್ತಂತೆ. ಅದರ ಮೇಲೆ ನಿನ್ನ ಹಳದಿ ಗೆರೆ ಇದೆ. ಅದರ ಪಕ್ಕದಲ್ಲೇ ನನ್ನ ನೀಲಿ ಗೆರೆ.

ಆಗ ನೆನಪಾಯಿತು. ಗ್ರೀಸ್ ಹಚ್ಚಲೆಂದು ಅದನ್ನು ಬಿಚ್ಚಿದ್ದೆ. ಕೈಯಲ್ಲೇ ತಿರುಗಿಸಿ ಕೂರಿಸಿ, ಮೊದಲು ಗೆರೆ ಎಳೆದುಬಿಟ್ಟೆ. ಸ್ಪ್ಯಾನರಿಗೆ ಕೈ ಚಾಚುವ ಹೊತ್ತಿಗೆ ದರ್ಜಿಯಮ್ಮ ಕೂಗಿದಳು.

‘ಮೂರು ವಾರ ಯಾಕೆ ಹೇಳಲಿಲ್ಲ?’ ಎಂದು ಕೇಳಿದೆ. ‘ಮಾಮನ ಮೇಲೆ ಅಷ್ಟು ಕೂಗಾಡ್ತಿದ್ದೆ. ನಿನ್ನ ಬಣ್ಣ ಅಂತ ಹೇಳಿದ್ರೆ ಹೊಡೀತೀಯೇನೋ ಅನ್ಕೊಂಡೆ’ ಎಂದಳು. ಮುರಿದ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಹೇಳಿದಳು.

ಈ ಕಾಗದ ಹರಿದುಹಾಕಲು ಹೊರಟಿದ್ದೆ. ಹರಿಯಲಿಲ್ಲ. ಅವಳು ಯಾವ ಬಾಯಿಗೆ ಹೆದರಿ ಕೂತಿದ್ದಳು ಎಂದು ನಿನಗೂ ತಿಳಿದಿರಲಿ. ಗುಜರಿಯವನಿಗೆ ಬೇಡವೆಂದು ಹೇಳಿ ಕಳಿಸಿದ್ದೇನೆ. ಬೇಗ ಬಾ, ನಿನ್ನೆದುರಿಗೇ ತಪ್ಪಾಯಿತು ಎನ್ನುತ್ತೇನೆ. ಮಗಳಿಗೆ ಆಗಲೇ ಹೇಳಿದೆ. ತಲೆ ಆಡಿಸಿದಳು. ಆದರೆ ಇನ್ನೂ ನನ್ನ ಹತ್ತಿರ ಬಂದು ಕೂತಿಲ್ಲ.