ಕುಕ್ಕರ್ ಕೂಗದ ಬೆಳಿಗ್ಗೆ

ಮುರಳಿ,

ಪಕ್ಕದ ಮನೆ ಸಿದ್ದಕ್ಕನ ಮಗುವನ್ನು ಅಂಗನವಾಡಿಯಿಂದ ಕರೆತರಲು ಹೋಗುತ್ತಿದ್ದೇನೆ. ಪೀಣ್ಯವೆಲ್ಲ ಕೆಲಸ ಹುಡುಕಿ ಸುಸ್ತಾಗಿ ಬಂದಿರುತ್ತೀ. ಮೊದಲು ಊಟ ಮಾಡು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದೇನೆ. "ಹೊರಗೇ ತಿಂದೆ" ಅನ್ನಬೇಡ. ಫ್ಯಾಕ್ಟರಿ ಮುಚ್ಚಿದ ಮೇಲೆ ನೀನು ಹೊರಗೆ ಏನು ತಿನ್ನುತ್ತಿದ್ದೀಯೆಂದು ನಿನ್ನ ಸಡಿಲವಾದ ಬೆಲ್ಟೇ ಹೇಳುತ್ತದೆ.

ಬೆಳಿಗ್ಗೆ ಗ್ಯಾಸ್ ಮುಗಿಯಿತು. ಸಿಲಿಂಡರ್‌ಗೆ ನಿನ್ನ ಹತ್ತಿರ ದುಡ್ಡು ಕೇಳಲು ಮನಸ್ಸಾಗದೆ ಸುಮ್ಮನೆ ಕೂತಿದ್ದೆ. ಗಾರೆ ಕೆಲಸಕ್ಕೆ ಹೊರಟಿದ್ದ ಸಿದ್ದಕ್ಕ ಬಾಗಿಲಲ್ಲಿ ನಿಂತಳು.

"ಯಾಕ್ರಿ ಅಮ್ಮಾರ, ಉಪವಾಸೇನು? ಇವತ್ತ ನಿಮ್ಮ ಕುಕ್ಕರ್ ಸೀಟೀನ ಹೊಡಿಲಿಲ್ಲಲ್ಲ!"

"ಗ್ಯಾಸ್ ಮುಗೀತು ಕಣಮ್ಮ."

"ಅದಕ್ಯಾಕ ಮಾರಿ ಸಣ್ಣ ಮಾಡೀರಿ? ನಮ್ಮ ಒಲಿ ಉರ್ಯಾಕತ್ತೈತಲ್ಲ!"

ಕೆಲಸಕ್ಕೆ ತಡವಾದರೂ ಮತ್ತೆ ಹಿಟ್ಟು ನಾದಿ, ರೊಟ್ಟಿ ಬಡಿದು, ತನ್ನ ಮನೆಯ ಪಲ್ಯವನ್ನೂ ಕೊಟ್ಟು ಹೋದಳು.

ನನಗೆ ಮೈ ಜುಮ್ಮೆಂದಿತು ಕಣೋ. ಸದ್ದು ಮಾಡಿದರೆ ಯಾರಿಗಾದರೂ ಕೇಳಿಸುತ್ತದೆ. ಆಗದೆ ಹೋದ ಸದ್ದನ್ನು ಕೇಳಿಸಿಕೊಳ್ಳುವ ಕಿವಿಯನ್ನು ಅವಳಿಗೆ ಕೊಟ್ಟವರು ಯಾರು? ಇಷ್ಟು ವರ್ಷ ದೇವರ ಮುಂದೆ ಜೋರಾಗಿ ಸ್ತೋತ್ರ ಹೇಳಿದೆ. ಬಾಯಿ ಬಿಡದೆ ಕೂತ ದಿನವೂ ಅವನಿಗೆ ಕೇಳಿಸಿದೆ. ನಮ್ಮ ಕಷ್ಟ ಸಣ್ಣದಲ್ಲ, ಗೊತ್ತು. ಆದರೆ ಅವನು ನಮ್ಮನ್ನು ಮರೆತಿದ್ದಾನೆ ಎಂದು ಇನ್ನು ನನ್ನಿಂದ ಹೇಳಲಾಗದು.

ನನ್ನ ಊಟ ಆಗಿದೆ, ಸುಳ್ಳಲ್ಲ. ಎದುರಿಗೆ ಕೂರಿಸಿಕೊಂಡು ತಿನ್ನಿಸಿದಳು. ನನಗೆಂದು ಒಂದೂ ಉಳಿಸಬೇಡ. ನಾಚಿಕೆಯಾದರೆ ಉಂಡ ಮೇಲೆ ನಾಚಿಕೊ.

ಅಮ್ಮ