ಮೆಟ್ಟಿಲ ಕೆಳಗಿನ ಪಾಲು

ಕೊಮೊಡೊ ದ್ವೀಪ, ಶುಕ್ರವಾರ

ಮಹದುನ್,

ಮೂರು ಪತ್ರ ಬರೆದರೂ ಉತ್ತರವಿಲ್ಲ. ಅರಣ್ಯ ಕಚೇರಿಯ ಮೇಜಿಗೆ ನಿನ್ನ ಕೈಯನ್ನು ಅಂಟಿಸಿದ್ದಾರೇನೋ, ಕತ್ತೆ? ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು, ನೆನಪಿರಲಿ.

ಉಡ ಕಚ್ಚಿದ ನಿನ್ನ ಅಪ್ಪನ ಕಾಲು ಉಳಿಯಿತು, ಗಾಯ ಇನ್ನೂ ಸೋರುತ್ತಿದೆ. ಮಲಗಿದಲ್ಲಿಂದಲೇ ಕೂಗುತ್ತಾನೆ: "ಅಮ್ಮಾ, ಆ ಮುದಿ ಉಡಾನ ಬೋನಿಗೆ ಹಾಕ್ಸು!"

"ಬಾಯ್ಮುಚ್ಚೋ, ಅವಳು ನಿನಗೆ ದೊಡ್ಡಮ್ಮ ಆಗ್ಬೇಕು" ಎಂದೆ. ನಮ್ಮನ್ನೂ ಈ ಆರು ಮೊಳದ ಉಡಗಳನ್ನೂ ಒಬ್ಬಳೇ ತಾಯಿ ಅವಳಿಗಳಾಗಿ ಹೆತ್ತಳೆಂದು ನಿನಗೂ ಹೇಳಿಯೇ ಬೆಳೆಸಿದ್ದೇನೆ.

ಆ ಮುದಿ ಉಡವನ್ನು ಹಿಡಿದು ಹಡಗಿನಲ್ಲಿ ಪರವೂರಿಗೆ ಸಾಗಿಸುವ ಆದೇಶಕ್ಕೆ ನೀನೇ ರುಜು ಹಾಕುತ್ತೀಯಂತೆ. ಹಾಕುವ ಮುಂಚೆ, ನಾನು ಯಾರಿಗೂ ಹೇಳದ್ದನ್ನು ಕೇಳು. ಹಿಂದೆ ಜಿಂಕೆ ಹೊಡೆದಾಗ ತಲೆ, ಕರುಳು ಅವಳ ಪಾಲಾಗಿತ್ತು. ನಿಮ್ಮ ಕಚೇರಿಯವರು ಬೇಟೆ ನಿಲ್ಲಿಸಿದರು, ಸರಿ. ಅದನ್ನು ಅವಳಿಗೆ ಯಾರು ಹೇಳಿದರು? ಪಾಲು ತಪ್ಪಬಾರದೆಂದು ನಾನೇ ದಿನವೂ ಮನೆಯ ಮೆಟ್ಟಿಲ ಕೆಳಗೆ ಮೀನಿನ ತಲೆಗಳನ್ನು ಇಡುತ್ತಿದ್ದೆ. ಆ ದಿನ ಜ್ವರ ಬಂದು ಮಲಗಿದ್ದೆ, ಇಡಲಿಲ್ಲ. ಹಸಿದು ಕಾಯುತ್ತಿದ್ದವಳ ಮುಂದೆ ನಿನ್ನ ಅಪ್ಪ ಕಾಲಿಟ್ಟ.

ತಪ್ಪು ಈ ಮುದುಕಿಯದೆಂದು ನಿನ್ನ ಕಡತದಲ್ಲಿ ಬರೆ. ನಿನ್ನ ಅಪ್ಪನಿಗೂ ನೀನೇ ಹೇಳು, ನನ್ನಿಂದಾಗದು. ದ್ವೀಪದಿಂದ ಯಾರನ್ನಾದರೂ ಕಳಿಸಲೇಬೇಕೆಂದಿದ್ದರೆ ನನ್ನನ್ನು ಕಳಿಸಿ. ಪರವೂರಿನಲ್ಲಿ ಅನ್ನ ಕೇಳಲು ನನಗೆ ಬಾಯಿದೆ, ಅವಳಿಗಿಲ್ಲ.

ಬೋನು ಬರುವುದು ಮುಂದಿನ ತಿಂಗಳು, ರೋಜಾ ಉಪವಾಸ ಶುರುವಾಗುವ ವಾರ. ಅದಕ್ಕೂ ಮುಂಚೆ ನಿನ್ನ ಉತ್ತರ ಬರಬೇಕು.

ನಿನ್ನ ಅಜ್ಜಿ,
ಸಲೇಹಾ